ಎರಡು ರಬ್ಬರ್ ಬೂಟು

ಒಂದು ಜೊತೆ ನಡಿಗೆಕೋಲಿಗೆ ಅವಳ ಹತ್ತು ದಿನದ ಸಂಬಳ. ಒಳ್ಳೆಯ ಕೈಪಟ್ಟಿ ಬೇಕೆಂದರೆ ಇನ್ನೆರಡು ದಿನದ್ದು. ಕೋಲಿನ ತುದಿಗೆ ಹಾಕುವ ಪುಟ್ಟ ರಬ್ಬರ್ ಬೂಟುಗಳಿಗೆ ಮಾತ್ರ ಒಂದು ಹೊತ್ತಿನ ಊಟದಷ್ಟೂ ಇಲ್ಲ.

ಅವಳಿಗೆ ದುಬಾರಿಯಾದದ್ದು ಆ ಬೂಟುಗಳೇ.

ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಆರು ವರ್ಷದಿಂದ ಮಾರಾಟದ ಕೆಲಸ ಅವಳದು. ಒಂದು ಸೋಮವಾರ ಅವನು ಮಂಡಿ ನೀವಿಕೊಳ್ಳುತ್ತ ಒಳಗೆ ಬಂದ.

"ನಿಮ್ಮಲ್ಲಿ ಮುದುಕರ ಕೋಲು ಇದೆಯಂತೆ."

"ಯಾರು ಹಾಗಂದಿದ್ದು?"

"ಮುದುಕರು ಅನ್ನೋದು ನನ್ನ ಮಾತು. ಕೋಲು ಅಂದಿದ್ದು ಡಾಕ್ಟರು. ವಾರಕ್ಕೆ ಮೂರು ದಿನ ಓಡು, ಉಳಿದ ದಿನ ಎರಡು ಕೋಲು ಹಿಡಿದು ಬಿರುಸಾಗಿ ನಡಿ ಅಂದರು. ಮಂಡಿಗೆ ಪೆಟ್ಟು ಕಡಿಮೆ, ದಮ್ಮೂ ಉಳಿಯುತ್ತಂತೆ. ನಾಲ್ಕು ತಿಂಗಳಿಗೆ ಓಟದ ಸ್ಪರ್ಧೆ ಇದೆ ನನಗೆ."

ಅವಳು ಒಂದು ಜೊತೆ ಇಳಿಸಿದಳು. ತುದಿಯ ರಬ್ಬರ್ ಬೂಟು ಎರಡನ್ನೂ ಕಿತ್ತು ಡ್ರಾಯರಿಗೆ ಹಾಕಿ, ಒಳಗಿನ ಉಕ್ಕಿನ ಮೊಳೆ ತೋರಿಸಿದಳು. "ಮಣ್ಣಿನ ದಾರೀಲಿ ಇದು ಕಚ್ಚಿಕೊಳ್ಳುತ್ತೆ." ಆಮೇಲೆ ಅವನ ಬಲಗೈ ಹಿಡಿದು ಪಟ್ಟಿ ಬಿಗಿದಳು. "ಕೋಲನ್ನ ಮುಂದೆ ಊರಬೇಡಿ. ಹಿಂದಕ್ಕೆ ಒತ್ತಿ. ಒತ್ತಿದ ಮೇಲೆ ಕೈ ಬಿಟ್ಟುಬಿಡಿ, ಪಟ್ಟಿ ಇದೆ, ಕೋಲು ಎಲ್ಲೂ ಹೋಗಲ್ಲ."

"ಕೈ ಬಿಟ್ಟರೂ ಜೊತೆಗಿರೋದು ಇದೊಂದೇ ಇರಬೇಕು," ಎಂದು ಅವನು ನಕ್ಕ.

ಉದ್ದ ಬೆರಳುಗಳು, ತುದಿಯಲ್ಲಿ ಎಣ್ಣೆಯ ಕಲೆ. ಗಡಿಯಾರ ರಿಪೇರಿ ಅವನ ಕೆಲಸವಂತೆ. ಅವಳು ಆ ಕೈಯನ್ನು ಪಟ್ಟಿಗೆ ಬೇಕಾದ್ದಕ್ಕಿಂತ ಸ್ವಲ್ಪ ಹೊತ್ತು ಹೆಚ್ಚೇ ಹಿಡಿದಿದ್ದಳು...

ಅಷ್ಟರಲ್ಲೇ ಮರೆತದ್ದು.

ಸಂಜೆ ಡ್ರಾಯರ್ ತೆಗೆದರೆ ಎರಡು ರಬ್ಬರ್ ಬೂಟು ಅವಳನ್ನೇ ನೋಡುತ್ತಿದ್ದವು. ಇವಿಲ್ಲದೆ ಉಕ್ಕಿನ ಮೊಳೆ ಕಲ್ಲಿನ ಮೇಲೆ ಜಾರುತ್ತದೆ. ಬಿಲ್ಲಿನಲ್ಲಿ ಅವನ ಫೋನ್ ನಂಬರ್ ಇತ್ತು. ಬೆಳಿಗ್ಗೆ ಹೇಳಿದರಾಯಿತು, ಅಂದುಕೊಂಡಳು.

ಬೆಳಿಗ್ಗೆ ಆರಕ್ಕೇ ಅವನು ಮನೆಯ ನುಣುಪು ಕಲ್ಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದ.

ವಾರದ ನಂತರ ಅಂಗಡಿಗೆ ಬಂದಾಗ ಮುರಿದ ಬಲಗೈ ಬ್ಯಾಂಡೇಜಿನಲ್ಲಿತ್ತು. "ಕೋಲಿಗೆ ಏನೂ ಆಗಿಲ್ಲ, ಗಾಬರಿ ಬೇಡ," ಎಂದ. "ನಮ್ಮಪ್ಪ ಮೆಟ್ಟಿಲು ತೊಳೆದು ನೀರು ಹಾಗೇ ಬಿಟ್ಟಿದ್ದರು. ಹೇಳಿ ಹೇಳಿ ನನಗೆ ಸಾಕಾಗಿದೆ."

ಹೇಳು. ಈಗಲೇ ಹೇಳು.

"ನೋವಿದೆಯಾ?" ಅಷ್ಟೇ ಅವಳ ಬಾಯಿಂದ ಬಂದದ್ದು.

"ಇದೆ. ಆದರೆ ನಡೆಯೋದು ನಿಲ್ಲಿಸಿದರೆ ದಮ್ಮೆಲ್ಲ ಹೋಗುತ್ತೆ. ಎಡಗೈಲಿ ಒಂದು ಕೋಲು ಹಿಡಿಯಬಹುದು. ಬಲಗೈದು ಸುಮ್ಮನೆ ಬಿದ್ದಿದೆ."

"ಅದನ್ನ ನಾನು ಹಿಡೀತೀನಿ. ಜೊತೆಗೆ ಬರ್ತೀನಿ."

ಪಾಪಕ್ಕೆ ಪರಿಹಾರ ಅಂದುಕೊಂಡು ಹೊರಟವಳು ಅವಳು. ದಿನಾ ಬೆಳಿಗ್ಗೆ ಕೆರೆಯ ಸುತ್ತಿನ ಮಣ್ಣುದಾರಿ. ಅವನ ಎಡಗೈಲಿ ಒಂದು, ಅವನ ಬಲಕ್ಕೆ ನಡೆಯುವ ಅವಳ ಬಲಗೈಲಿ ಇನ್ನೊಂದು. ಒಂದು ಜೊತೆ ಕೋಲು, ಇಬ್ಬರ ನಡಿಗೆ. ಹೆಜ್ಜೆ ತಪ್ಪಿದರೆ ಅವನು, "ಮೇಡಂ, ನಿಮ್ಮ ಗಡಿಯಾರ ಎರಡು ಸೆಕೆಂಡು ಹಿಂದಿದೆ," ಅನ್ನುತ್ತಿದ್ದ. ಎರಡನೇ ತಿಂಗಳಲ್ಲಿ 'ಮೇಡಂ' ಬಿದ್ದುಹೋಗಿ 'ನೀನು' ಬಂತು.

ಪ್ರೀತಿಯೂ ಬಂತು. ಅದರ ಬೆನ್ನಿಗೇ ಆ ಎರಡು ಬೂಟೂ, ದಿನಾ, ಅವಳ ಚೀಲದ ತಳದಲ್ಲಿ.

ಒಂದು ದಿನ ಎದುರಿಗೆ ಬಂದ ಹೆಂಗಸಿನ ಕೋಲುಗಳನ್ನು ಅವನು ತಿರುಗಿ ನೋಡಿದ. "ಅವರದಕ್ಕೆ ತುದೀಲಿ ರಬ್ಬರ್ ಇದೆಯಲ್ಲ, ಅವತ್ತು ನೀನು ಕಿತ್ತು ತೋರಿಸಿದಂಥದ್ದು. ನಮ್ಮದಕ್ಕೆ ಯಾಕಿಲ್ಲ? ಅದು ಅಂಗಡೀದಾ, ನಾವು ಬೇರೆ ತಗೋಬೇಕಾ?"

"ಹೂಂ... ಬೇರೆ ತಗೋಬೇಕು."

ಮರೆವು ಅಲ್ಲಿಗೆ ಮುಗಿದು, ಸುಳ್ಳು ಶುರುವಾಯಿತು.

ಆ ಭಾನುವಾರ ಅವನು ಇನ್ನೂ ಕೆರೆಗೆ ಬಂದಿರಲಿಲ್ಲವೆಂದು ಅವಳೇ ಅವನ ಮನೆಗೆ ಹೋದಳು. ಬಸ್ ಓಡಿಸಿ ನಿವೃತ್ತರಾಗಿದ್ದ ಅವನ ಅಪ್ಪ ಮೆಟ್ಟಿಲ ಮೇಲೆ ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಒಣಬಟ್ಟೆ. ತೊಳೆದ ಒಂದೊಂದು ಮೆಟ್ಟಿಲನ್ನೂ ಒರೆಸಿ, ಅಂಗೈ ಇಟ್ಟು ಪಸೆ ಇದೆಯಾ ಅಂತ ನೋಡುತ್ತಿದ್ದರು.

"ಅಂಕಲ್, ಏನಿದು? ಏಳಿ."

"ದಿನದ ಕೆಲಸ ಕಣಮ್ಮ. ಮೂವತ್ತು ವರ್ಷ ಬಸ್ಸು ಓಡಿಸಿದೆ, ಒಬ್ಬರಿಗೂ ಗಾಯ ಮಾಡಲಿಲ್ಲ. ಕೊನೆಗೆ ಮಗನ ಕೈನೇ ಮುರಿದೆ." ದನಿ ತಗ್ಗಿಸಿದರು. "ಅವನು ಬೈಯೋದೂ ಬಿಟ್ಟಿದಾನೆ. 'ಊಟ ಆಯ್ತಾ' ಅಂದರೆ 'ಆಯ್ತು'. ಅಷ್ಟೇ ಮಾತು. ಬೈದರೂ ವಾಸಿ ಇತ್ತು."

ಅವಳ ಕಾಲು ಅಲ್ಲೇ ನಿಂತಿತು. ತನ್ನ ತಪ್ಪನ್ನು ಈ ಮುದುಕರು ಮಂಡಿ ಮೇಲೆ ಹೊರುತ್ತಿದ್ದಾರೆ... ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಇವರು ನಾಳೆಯೂ ಒರೆಸುತ್ತಾರೆ.

ಬಾಗಿಲಲ್ಲಿ ಅವನು ಶೂ ಕಟ್ಟಿಕೊಂಡು ನಿಂತಿದ್ದ.

ಅವಳು ಚೀಲದಿಂದ ಬೂಟುಗಳನ್ನು ತೆಗೆದು ಮೆಟ್ಟಿಲ ಮೇಲಿಟ್ಟಳು. "ಇವು ನಿನ್ನ ಕೋಲಿಂದು. ತೋರಿಸೋಕೆ ಕಿತ್ತವಳು ಮತ್ತೆ ಹಾಕೋದು ಮರೆತೆ. ಇವಿದ್ದಿದ್ದರೆ ಕಲ್ಲಿನ ಮೇಲೆ ಜಾರ್ತಿರಲಿಲ್ಲ. ಆ ಸಂಜೆಯೇ ನನಗೆ ಗೊತ್ತಿತ್ತು. ಅಂಕಲ್ ತಪ್ಪಿಲ್ಲ."

ಅವನು ಬೂಟನ್ನಲ್ಲ, ಅಪ್ಪನ ಕೈಯ ಬಟ್ಟೆಯನ್ನು ನೋಡುತ್ತಿದ್ದ.

"ಮೂರು ತಿಂಗಳು ನಮ್ಮಪ್ಪನ ಮುಖ ನೋಡಿ ಮಾತಾಡಿಲ್ಲ ನಾನು," ಎಂದ ಕೊನೆಗೆ. "ನೀನು ಹೋಗು."

ಅವಳು ಹೋದಳು.

ಹನ್ನೊಂದು ದಿನ ಫೋನ್ ಬರಲಿಲ್ಲ. ಕೆರೆಯ ಕಡೆ ಹೋಗುವ ಧೈರ್ಯ ಅವಳಿಗೂ ಬರಲಿಲ್ಲ. ಹೊಸ ಗಿರಾಕಿಗಳಿಗೆ ರಬ್ಬರ್ ಬೂಟನ್ನು ಮೂರು ಮೂರು ಸಲ ಎಳೆದು ತೋರಿಸುತ್ತಿದ್ದಳು. "ನಾವು ಕೊಂಡುಕೊಳ್ತೀವಿ ಬಿಡಮ್ಮ," ಎಂದು ಅವರೇ ಸಮಾಧಾನ ಮಾಡುತ್ತಿದ್ದರು.

ಹನ್ನೆರಡನೇ ದಿನ ಅಪ್ಪ ಮಗ ಇಬ್ಬರೂ ಅಂಗಡಿಗೆ ಬಂದರು. ಅವನ ಬಲಗೈಗೆ ಬ್ಯಾಂಡೇಜ್ ಇರಲಿಲ್ಲ. ಕೋಲುಗಳನ್ನೂ ಬೂಟುಗಳನ್ನೂ ಕೌಂಟರ್ ಮೇಲಿಟ್ಟ.

"ಹಾಕಿಕೊಡು."

ಅವಳು ಎರಡನ್ನೂ ಒತ್ತಿ ಕೂರಿಸಿದಳು.

"ಕೈ ಮುರಿದದ್ದಕ್ಕೆ ನನಗೆ ಕೋಪ ಇಲ್ಲ. ಮರೆವು ಯಾರಿಗಿಲ್ಲ. ಬೇರೆ ತಗೋಬೇಕಾ ಅಂದಾಗ ಹೌದು ಅಂದೆಯಲ್ಲ, ಅದಕ್ಕೆ ಇನ್ನೂ ಇದೆ."

"ಇರಲಿ. ಇರಬೇಕು," ಎಂದಳು.

"ನನ್ನ ಪಾಲೂ ಇದೆ. ಅಪ್ಪನ ಮೇಲೆ ಹಾಕೋದು ಸುಲಭವಾಗಿತ್ತು, ಹಾಕಿದೆ. ಆ ಬಟ್ಟೆ ನಾನು ದಿನಾ ನೋಡ್ತಿದ್ದೆ, ಕೇಳಲಿಲ್ಲ. ನೀನು ಒಂದೇ ದಿನ ನೋಡಿ ಬಾಯಿಬಿಟ್ಟೆ." ಬಲಗೈ ಕೋಲನ್ನು ಅವಳ ಕಡೆ ತಳ್ಳಿದ. "ಇದು ನಿನ್ನದು. ನಾಳೆ ಆರಕ್ಕೆ ಬಾ."

"ನಿನ್ನ ಕೈ ವಾಸಿಯಾಗಿದೆಯಲ್ಲ. ಎರಡೂ ನೀನೇ ಹಿಡೀಬಹುದು."

"ಹಿಡೀಬಹುದು. ಒಬ್ಬನೇ ನಡೆಯೋಕೆ ಮನಸ್ಸು ಬರಲ್ಲ."

ಅವಳ ಕಣ್ಣು ತುಂಬಿತು. "ಅಂಕಲ್, ನೀವಾದರೂ ನನಗೆ ಒಂದು ಮಾತು ಬೈಯಿರಿ."

"ಮೊದಲು ಈ ಅಂಕಲ್ ಅನ್ನೋದು ಬಿಡು," ಎಂದರು ಅವರು. "ಮಾವ ಅನ್ನೋದು ಕಲಿ. ಬೈಯೋಕೆ ಆಮೇಲೆ ಬೇಕಾದಷ್ಟು ಹೊತ್ತಿದೆ."

ಆ ವರ್ಷದ ಓಟ ಅವನಿಗೆ ತಪ್ಪಿತು. ಬಲ ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ, ಹೆಂಗಸರ ಸಣ್ಣ ವಾಚುಗಳನ್ನು ಬೇರೆ ಅಂಗಡಿಗೆ ಕಳಿಸುತ್ತಾನೆ. ಕಳೆದದ್ದು ಅಷ್ಟು. ಅಪ್ಪನಿಗೆ ಮಗ ಸಿಕ್ಕ, ಅವಳಿಗೆ ಅವನು ಸಿಕ್ಕ. ಮೆಟ್ಟಿಲನ್ನು ಈಗ ಮೂವರಲ್ಲಿ ಯಾರು ಮೊದಲು ಎದ್ದರೆ ಅವರು ಒರೆಸುತ್ತಾರೆ.