ಮಲಗಿದ್ದ ಎರಡನೇ ಕೋರ್

"ಎರಡು ಕೋರ್ ಅಂತ ಹೇಳಿ ಒಂದೇ ಕೋರಿನ ಕಂಪ್ಯೂಟರ್ ತಲೆಗೆ ಕಟ್ಟಿದ್ದೀಯ. ಕಳ್ಳ ನೀನು."

ಘಾನಾದ ಕುಮಾಸಿ ನಗರದ ಅಡುಮ್ ಪೇಟೆಯ ಅಂಗಡಿ ಸಾಲೆಲ್ಲ ಕೇಳುವಂತೆ ಸೆರ್ವಾ ಕೂಗಿ, ಹೊತ್ತು ತಂದಿದ್ದ ಕಂಪ್ಯೂಟರನ್ನು ಅದನ್ನು ಮಾರಿದ್ದ ಕ್ವಾಬೆನಾನ ಮುಂದೆ ಕುಕ್ಕಿದಳು.

ಅವನು ಸಿಟ್ಟಾಗಲಿಲ್ಲ. ಅದಕ್ಕೇ ಅವಳಿಗೆ ಮೈ ಇನ್ನಷ್ಟು ಉರಿಯಿತು.

ಅವಳದು ಕಸೂತಿ ಅಂಗಡಿ. ತೀರಿಕೊಂಡ ತಾಯಿ ಕಂಪ್ಯೂಟರಿನಲ್ಲಿ ಬರೆದಿಟ್ಟ ನಾನೂರು ವಿನ್ಯಾಸಗಳು ಹಳೆಯ ವಿಂಡೋಸ್‌ನಲ್ಲಿ ಮಾತ್ರ ತೆರೆಯುತ್ತಿದ್ದವು. ಹಳೆಯ ಕಂಪ್ಯೂಟರ್ ಕೆಟ್ಟಾಗ ಇದನ್ನು ಕೊಟ್ಟವನು ಇವನೇ. ಆಮೇಲೆ ಮೌಸ್ ನೋಡುವ ನೆಪ ಹೇಳಿ ಅವಳ ಅಂಗಡಿಗೆ ಬರುತ್ತಲೇ ಇದ್ದ... ಆ ನಗುವನ್ನು ಅವಳು ನಂಬಿಬಿಟ್ಟಿದ್ದಳು.

'ಎಲ್ಲ ಸುಳ್ಳೇ?'

"ಬೈಗುಳ ಉಳಿದಿದ್ರೆ ಆಮೇಲೆ ಮುಗಿಸು. ಮೊದಲು ನೋಡೋಣ ಬಾ" ಎಂದು ಅವನು ತಂತಿ ಸಿಕ್ಕಿಸಿದ.

ಪರದೆಯ ಮೇಲೆ ಕೋರಿನ ಕೆಲಸ ತೋರಿಸುವ ಗೆರೆ ಒಂದೇ ಓಡುತ್ತಿತ್ತು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಒಂದೊಂದು ಭಾಗವೇ ಕೋರ್; ಎರಡಿದ್ದರೆ ಎರಡು ಗೆರೆ ಕಾಣಬೇಕು. ಅವನು ಹಣೆ ಚಚ್ಚಿಕೊಂಡ.

"ತಪ್ಪು ನಂದೇ. ಅಮ್ಮನ ವಿನ್ಯಾಸ ಒಂದೂ ಕಳೀಬಾರದು ಅಂದಿದ್ದೆಯಲ್ಲ, ಹಳೇ ಡಿಸ್ಕನ್ನ ಇದ್ದ ಹಾಗೇ ನಕಲು ಮಾಡಿ ಹಾಕ್ದೆ. ಈ ಸಾಲಿನವರೆಲ್ಲ ಮಾಡೋದೇ ಹಾಗೆ. ಆದ್ರೆ ಹಳೇದಕ್ಕೆ ಇದ್ದದ್ದು ಒಂದೇ ಕೋರ್. ಈ ವಿಂಡೋಸ್ ಇನ್ನೂ ಆ ಹಳೇ ಪೆಟ್ಟಿಗೇಲೇ ಇದೀನಿ ಅಂದ್ಕೊಂಡಿದೆ."

"ಸರಿ ಮಾಡೋಕೆ ಹೋಗಿ ಅಮ್ಮನದೆಲ್ಲ ಹೋದ್ರೆ?"

"ಮೊದಲು ಇನ್ನೊಂದು ನಕಲು ತೆಗೀತೀನಿ. ಅದಿಲ್ದೆ ಕೈ ಹಚ್ಚಲ್ಲ."

ಒಂದು ಗಂಟೆ ಕಾದರು. ನಕಲು ಮುಗಿದ ಮೇಲೆ ಅವನು ಯಂತ್ರದ ಪಟ್ಟಿ ತೆರೆದು, 'ಒಂದೇ ಪ್ರೊಸೆಸರ್' ಎಂದಿದ್ದ ಕಡೆ 'ಹಲವು ಪ್ರೊಸೆಸರ್' ಆರಿಸಿದ. ಯಂತ್ರ ಆರಿ ಮತ್ತೆ ಹತ್ತಿತು. ಪರದೆ ಕಪ್ಪಗೇ ಇತ್ತು... ಸೆರ್ವಾ ತನಗೇ ತಿಳಿಯದೆ ಅವನ ತೋಳು ಹಿಡಿದಿದ್ದಳು.

ಬೆಳಕು ಬಂತು. ಎರಡು ಗೆರೆ. ತಾಯಿಯ ನಾನೂರು ವಿನ್ಯಾಸಗಳೂ ಇದ್ದವು.

ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು. ಬೀದಿಯಲ್ಲಿ ಅಂದ ಮಾತನ್ನು ಬೀದಿಯಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಹೊರಗೆ ಬಂದು ನಿಂತಳು.

"ಇವನು ಕಳ್ಳ ಅಲ್ಲ. ನಾನು ಅಂದದ್ದು ತಪ್ಪು."

"ಬೈದದ್ದು ಪೇಟೆಗೆಲ್ಲ ಕೇಳ್ತು, ಇದು ಮಾತ್ರ ಇಷ್ಟು ಮೆಲ್ಲಗಾ?" ಬಾಳೆಕಾಯಿ ಕರಿಯುತ್ತಿದ್ದ ಹೆಂಗಸು ಛೇಡಿಸಿದಳು. "ಇನ್ನೊಂದ್ಸಲ ಹೇಳು ತಾಯಿ."

ಸೆರ್ವಾ ಗಂಟಲು ಬಿಚ್ಚಿ ಮತ್ತೆ ಹೇಳಿದಳು. ಸಾಲೆಲ್ಲ ನಕ್ಕಿತು. ಕ್ವಾಬೆನಾ ಮಾತ್ರ ನಗಲಿಲ್ಲ.

"ನಾನು ಯಾಕೆ ಬರ್ತಿದ್ದೆ ಗೊತ್ತಾ?"

"ಮೌಸ್ ನೋಡೋಕೆ."

"ಒಂಬತ್ತು ಸಲ ನೋಡಿದೀನಿ. ಮೌಸ್ ಚೆನ್ನಾಗೇ ಇದೆ. ಇಷ್ಟಪಟ್ಟಿರೋದು ನಿನ್ನ."

ಅವಳ ಕಣ್ಣು ತುಂಬಿ ಬಂತು.

"ಅದನ್ನ ನನಗೆ ಹೇಳಿದ್ರೆ ಸಾಕಾ? ರೂಢಿ ಇದ್ದ ಹಾಗೆ ನಿಮ್ಮ ಹಿರಿಯರನ್ನ ಕರ್ಕೊಂಡು ಬಂದು ನಮ್ಮ ಸೋದರಮಾವನ ಬಾಗಿಲು ತಟ್ಟಿ ಹೆಣ್ಣು ಕೇಳು."

"ನಿಮ್ಮ ಮಾವ ಬಾಗಿಲು ತೆಗೀದಿದ್ರೆ?"

"ಒಳಗಿಂದ ನಾನೇ ತೆಗೀತೀನಿ."