ಲದ್ದಿಯಲ್ಲಿ ಸಿಕ್ಕ ರಿಬ್ಬನ್

"ಯಾಕ್ರೋ ಮೂಗು ಮುಚ್ಕತೀರಾ? ಇದು ಬರೀ ಹುಲ್ಲು, ಬಿದಿರು ಕಣ್ರೋ!"

ಫಾರೆಸ್ಟ್ ವಾಚರ್ ಸಣ್ಣಬೀರಯ್ಯ ಆನೆಯ ಲದ್ದಿಯ ಉಂಡೆಯೊಂದನ್ನು ಕೋಲಿನಿಂದ ಒಡೆದರು. ಐದನೇ ಕ್ಲಾಸಿನ ಮಕ್ಕಳೆಲ್ಲ "ಛೀ!" ಎನ್ನುತ್ತಲೇ ಇನ್ನೂ ಹತ್ತಿರ ಬಂದರು. ಛೀ ಅಂತಲೂ ಅನ್ನಬೇಕು, ನೋಡಲೂ ಬೇಕು.

ಕಾಡಿನ ಪಾಠಕ್ಕೆಂದು ಮಕ್ಕಳನ್ನು ವ್ಯಾನಿನಲ್ಲಿ ಚೆಕ್‌ಪೋಸ್ಟ್ ತನಕ ಕರೆತಂದಿದ್ದರು. ಗಾಡಿ ನಿಲ್ಲಿಸಬಾರದು, ಗಲಾಟೆ ಮಾಡಬಾರದು, ಪ್ರಾಣಿಗಳಿಗೆ ತಿನ್ನಲು ಕೊಡಬಾರದು, ಏನನ್ನೂ ಎಸೆಯಬಾರದು. ಅಲ್ಲಿನ ಬೋರ್ಡಿನ ಮೇಲಿದ್ದುದನ್ನೆಲ್ಲ ಸೌಂದರ್ಯ ಎಲ್ಲರಿಗಿಂತ ಜೋರಾಗಿ ಓದಿ ಉಷಾರಾಣಿ ಮಿಸ್ ಬಾಯಲ್ಲಿ "ವೆರಿ ಗುಡ್" ಅನ್ನಿಸಿಕೊಂಡಿದ್ದಳು. ಬೆಳಿಗ್ಗೆ ಅದೇ ಮಿಸ್, "ಒಂದು ಜಡೆಗೆ ಕೆಂಪು, ಇನ್ನೊಂದಕ್ಕೆ ನೀಲಿ. ಇದೇನಮ್ಮ ನಿನ್ನ ವೇಷ?" ಎಂದು ಗದರಿದ್ದರು.

"ಸಾರ್, ಅದೇನು ಕೆಂಪಗೆ?" ಸಾಗರ್ ಕೂಗಿದ.

ಸಣ್ಣಬೀರಯ್ಯ ಕೋಲಿನ ತುದಿಯಿಂದ ಎಳೆದರು. ಅದು ಉದ್ದಕ್ಕೆ ಬಂತು. ಬಾಟಲಿಯ ನೀರು ಸುರಿದರು. ರಿಬ್ಬನ್! ಅದರ ತುದಿಯಲ್ಲಿ ಹಸಿರು ದಾರದ ಹೊಲಿಗೆ.

ಸೌಂದರ್ಯ ಒಂದು ಹೆಜ್ಜೆ ಮುಂದೆ ಬಂದು ನೋಡಿದಳು. ಆ ಹೊಲಿಗೆ ಅವಳಜ್ಜಿ ಪುಟ್ಟತಾಯಮ್ಮನದು. ರಿಬ್ಬನ್ನಿನ ಅಂಚು ಬಿಚ್ಚಿಕೊಂಡಾಗ ಮನೆಯಲ್ಲಿ ಕೆಂಪು ದಾರವಿರಲಿಲ್ಲ. "ಯಾವ ಬಣ್ಣ ಆದ್ರೇನು ಬುಡು" ಎಂದು ಅಜ್ಜಿ ಹಸಿರಿನಲ್ಲೇ ಹೊಲಿದಿದ್ದಳು.

ಬೈಕಿನಿಂದ ಬಿದ್ದಿದ್ದ ಅಪ್ಪ ಎದ್ದು ಓಡಾಡುವಂತಾದಾಗಿನಿಂದ ಅಜ್ಜಿಗೆ ಒಂದು ಹರಕೆ. ಪ್ರತಿ ಅಮಾವಾಸ್ಯೆಗೆ ಮೊಮ್ಮಗಳ ಜೊತೆ ತನ್ನ ತಂಗಿಯ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಡಿನ ಗಣಪನಿಗೆ, ಅಂದರೆ ಆನೆಗೆ, ಬೆಲ್ಲ, ಅವಲಕ್ಕಿ ಎಸೆಯುವುದು. ಹೋದ ಸಲ ಪೇಪರ್ ಪೊಟ್ಟಣ ಒಡೆದು ಎಲ್ಲ ಚೆಲ್ಲಿಹೋಗಿತ್ತು. ಅದಕ್ಕೇ ಈ ಸಲ, ಮೂರು ದಿನದ ಹಿಂದೆ, ಸೌಂದರ್ಯಳೇ ಉಪಾಯ ಮಾಡಿದ್ದಳು. ಪ್ಲಾಸ್ಟಿಕ್ ಕವರಿಗೆ ತುಂಬಿ, ಜಡೆಯ ರಿಬ್ಬನ್ ಬಿಚ್ಚಿ ಬಿಗಿಯಾಗಿ ಗಂಟು ಹಾಕಿದ್ದಳು. "ಜಾಣೆ ಕಣ್ ಕೂಸೆ ನೀನು" ಎಂದು ಅಜ್ಜಿ ನೆಟಿಕೆ ಮುರಿದಿದ್ದಳು.

"ಆನೆನೂ ಜಡೆ ಹಾಕ್ಕಂಡಿತ್ತೇನ್ಲಾ?" ಸಾಗರ್ ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೌಂದರ್ಯ ನೀಲಿ ರಿಬ್ಬನ್ನಿನ ಜಡೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

"ನಗ್ತೀರಲ್ಲ, ಪಕ್ಕದಲ್ಲಿ ಮರಿ ಹೆಜ್ಜೆನೂ ಅದೆ ನೋಡಿ, ಇದು ಮರಿ ಇರೋ ತಾಯಿ ಆನೆ ಕಣ್ರೋ" ಎಂದರು ಸಣ್ಣಬೀರಯ್ಯ. "ಸದ್ಯ, ಬರೀ ರಿಬ್ಬನ್ನು. ಆಚೆಗೆ ಬಂತಲ್ಲ, ಬದುಕ್ಕಂತು. ಪ್ಲಾಸ್ಟಿಕ್ ಕವರ್ ಆಗಿದ್ರೆ ಕರುಳಿಗೆ ಸುತ್ಕಂಡು ಕೂತುಬುಡೋದು. ಆಮೇಲೆ ಮೇವೂ ಇಲ್ಲ, ನೀರೂ ಇಲ್ಲ."

ಮಕ್ಕಳು ಚಪ್ಪಾಳೆ ತಟ್ಟಿದರು. ಸೌಂದರ್ಯಳ ಕೈ ಮಾತ್ರ ಮೇಲೇಳಲಿಲ್ಲ. ಬರೀ ರಿಬ್ಬನ್ನಲ್ಲ! ಅಲ್ಲಿದ್ದವರಲ್ಲಿ ಅದು ಗೊತ್ತಿದ್ದುದು ಅವಳೊಬ್ಬಳಿಗೇ.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಎಲ್ಲರೆದುರು ಮಾನ ಹೋಗುತ್ತದೆ, ಅಜ್ಜಿಯ ಹೆಸರೂ ಬರುತ್ತದೆ. ಸಣ್ಣಬೀರಯ್ಯ ಆಗಲೇ ಕೋಲು ಒರೆಸಿಕೊಂಡು ಹೊರಟಿದ್ದರು.

"ಸಾರ್..." ಸೌಂದರ್ಯ ಅವರ ಹಿಂದೆ ಓಡಿದಳು. "ಕವರ್ ಎಲ್ಲಿ ಸಾರ್?"

"ಯಾವ ಕವರವ್ವಾ?"

"ರಿಬ್ಬನ್ ಕಟ್ಟಿದ್ದ ಕವರ್. ನಾನೇ ಕಟ್ಟಿದ್ದು. ಬೆಲ್ಲ ಇತ್ತು."

ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಸಣ್ಣಬೀರಯ್ಯ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವರು ಮತ್ತೆ ಕುಕ್ಕರಗಾಲಲ್ಲಿ ಕೂತು, ಉಳಿದ ಉಂಡೆಗಳನ್ನೆಲ್ಲ ಒಂದೊಂದಾಗಿ, ಈ ಸಲ ಕೈಯಿಂದಲೇ, ಬಿಡಿಸಿ ನೋಡಿದರು. ಎಲ್ಲದರಲ್ಲೂ ಹುಲ್ಲು, ಬಿದಿರು. ಕವರ್ ಇರಲಿಲ್ಲ.

ಅವರು ಎದ್ದು ವಾಕಿಟಾಕಿ ಬಾಯಿಗೆ ಹಿಡಿದರು. "ಮರಿ ಆನೆ ತಾಯಿ ಮ್ಯಾಲೆ ಒಂದ್ ಕಣ್ಣಿಡಿ. ಹೊಟ್ಟೇಲಿ ಪ್ಲಾಸ್ಟಿಕ್ ಅದೆ. ಡಾಕ್ಟ್ರಿಗೂ ತಿಳಿಸಿ." ಆಮೇಲೆ ಸೌಂದರ್ಯಳ ಕಡೆ ತಿರುಗಿ, "ಹೇಳಿದ್ದು ಒಳ್ಳೇದಾತು ಕಣವ್ವ" ಎಂದರು.

ಸಂಜೆ ವಿಷಯ ಕೇಳಿದ ಅಜ್ಜಿ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. "ನಾನು ಹೊಟ್ಟೆಗೆ ಅಂತ ಕೊಟ್ನಲ್ಲ, ಕೂಸೇ! ಹೊಟ್ಟೆಗೆ ಅಂತ..." ಆ ರಾತ್ರಿ ಅವಳು ಸರಿಯಾಗಿ ಉಣ್ಣಲಿಲ್ಲ.

ಮುಂದಿನ ಅಮಾವಾಸ್ಯೆಗೆ ಬಸ್ಸು ಚೆಕ್‌ಪೋಸ್ಟಿನಲ್ಲಿ ನಿಂತಾಗ ಅಜ್ಜಿ ಕಿಟಕಿಯಿಂದ ಕತ್ತು ಚಾಚಿದಳು. "ಸಿಕ್ತೇನಪ್ಪಾ ಆ ಕವರು?"

ಸಣ್ಣಬೀರಯ್ಯ ಇಲ್ಲವೆಂದು ತಲೆಯಾಡಿಸಿದರು. "ಆನೆ ಮೇಯ್ತಾ ಅದೆ ಕಣವ್ವ. ನೋಡ್ತಾ ಇವ್ನಿ."

ಎರಡು ತಿರುವು ದಾಟಿದ ಮೇಲೆ, ರಸ್ತೆ ಪಕ್ಕದಲ್ಲಿ ಆ ಆನೆ ನಿಂತಿತ್ತು. ಮರಿ ಅದರ ಕಾಲ ಸಂದಿಯಲ್ಲಿತ್ತು. ಬಸ್ಸಿನ ಸದ್ದು ಕೇಳಿದ್ದೇ ಆನೆ ಸೊಂಡಿಲೆತ್ತಿ ಕಿಟಕಿಗಳ ಕಡೆ ಚಾಚಿತು.

"ಕೈ ಮುಗಿ, ಕೂಸೇ" ಎಂದಳು ಅಜ್ಜಿ. ಅವಳ ಕೈ ಬರಿದಾಗಿತ್ತು.

ಸೌಂದರ್ಯ ಕೈ ಮುಗಿದಳು. ಯಾವಾಗಲೂ ಅವಳು ಮೊದಲು ನೋಡುತ್ತಿದ್ದುದು ಆನೆಯ ಸೊಂಡಿಲನ್ನು. ಇವತ್ತು ಅದರ ಹೊಟ್ಟೆಯನ್ನೇ ನೋಡಿದಳು, ಬಸ್ಸು ತಿರುಗಿ ಅದು ಮರೆಯಾಗುವ ತನಕ.