ಮಜ್ಜಿಗೆ ಕೋಣೆಯಲ್ಲಿ ಸಿಕ್ಕ ಮಡಕೆ

ಪಾಲಪ್ಪನ ಕಂಬಳಿ ಗಂಟಿನಲ್ಲಿ ಹೆಂಡದ ಮಡಕೆ ಸಿಕ್ಕಿತೆಂದು ಮೇಸ್ತ್ರಿ ಗಾದಿಲಿಂಗಪ್ಪ ಗಣಿಗೆಲ್ಲ ಕೇಳುವಂತೆ ಸಾರಿದಾಗ, ಮಜ್ಜಿಗೆ ಕಡೆಯುತ್ತಿದ್ದ ಶಾಂತಕ್ಕ ಕಡಗೋಲು ಬಿಟ್ಟೆದ್ದಳು.

ಯಶವಂತನಗರದ ಆ ಮ್ಯಾಂಗನೀಸ್ ಗಣಿಯಲ್ಲಿ ಕುಡುಕರನ್ನು ಓಡಿಸದೆ ತಿದ್ದಲೆಂದೇ ಇದ್ದ ಮಜ್ಜಿಗೆ ಕೋಣೆ ಅದು. ಬೆಳಗ್ಗೆ ಬಂದು ಕೂತು, ಮಜ್ಜಿಗೆ ಕುಡಿದು, ಸಂಕಟ ಹೇಳಿಕೊಂಡು ಹಗುರದ ಕೆಲಸಕ್ಕೆ ಹೋಗಬೇಕು. ಗುಣವಾಗುವ ತನಕ ಅವರವರ ಹಳೇ ಕೆಲಸ ಅವರಿಗೇ ಮೀಸಲು. ಹೆಂಡದ ಜೊತೆ ಸಿಕ್ಕಿಬಿದ್ದರೆ ಮಾತ್ರ ಮನೆದಾರಿ. ಚಟ ಬಿಟ್ಟು ಗುಣವಾದ ಪಾಲಪ್ಪ ಮರುದಿನವೇ ಅದಿರು ಇಳಿಸುವ ತನ್ನ ರಾಟೆಗೆ ಮರಳುವವನಿದ್ದ. ಅಲ್ಲಿಯವರೆಗೆ ಅದನ್ನು ತಿರುಗಿಸುತ್ತಿದ್ದವನು ಮೇಸ್ತ್ರಿಯ ಭಾವಮೈದ.

ಗಣಿಯಲ್ಲಿ ಕೋಳಿ ಕಳೆದರೂ ಜನ ಓಡುತ್ತಿದ್ದದ್ದು ಕಾಂಪೌಂಡರ್ ಜಂಬಯ್ಯನ ಬಳಿಗೆ. ಅವನಿಗೆ ಅದು ಸಾಕುಸಾಕಾಗಿತ್ತು. ಶಾಂತಕ್ಕ ಅವನನ್ನು ಹೆಚ್ಚುಕಡಿಮೆ ಎಳೆದೇ ತಂದಳು. ಅವಳ ಅನುಮಾನವೆಲ್ಲ 'ಮಜ್ಜಿಗಿ ಪಾಲಪ್ಪ' ಎಂದು ಅಣಕಿಸುತ್ತಿದ್ದ ಹಳೇ ಕುಡಿತದ ಗೆಳೆಯ ಮೂಕಪ್ಪನ ಮೇಲೆ. ಇಲ್ಲವೇ ಗಿರಾಕಿ ಕಳೆದುಕೊಂಡ ಹೆಂಡದ ಜಡೆಪ್ಪನ ಮೇಲೆ.

ಜಂಬಯ್ಯ ಮಡಕೆಯೊಳಗೆ ಇಣುಕಿದ. ಒಳಗೋಡೆಗೆ ಬೆಳ್ಳಗೆ ಸುಣ್ಣ ಬಳಿದಿತ್ತು, ನೊರೆಯ ಸುಳಿವಿರಲಿಲ್ಲ.

"ಇದನ್ನ ಯಾರರ ನಾಲಿಗಿಗೆ ಹಚ್ಚಿ ನೋಡೀರೇನು?"

ಯಾರೂ ನೋಡಿರಲಿಲ್ಲ. ಕೋಣೆಯವರಿಗೆ ಕುಡಿಯೆನೆಂದು ಇಟ್ಟ ಆಣೆ ಅಡ್ಡ, ಮ್ಯಾನೇಜರಿಗೆ ದೊಡ್ಡಸ್ತಿಕೆ ಅಡ್ಡ, ಮೇಸ್ತ್ರಿಯಂತೂ ಹುಟ್ಟಿದಾಗಿನಿಂದ ಮುಟ್ಟಿದವನಲ್ಲ. ಪಾಲಪ್ಪನ ಹತ್ತಿರ ಮಡಕೆ ತರಲೂ ಬಿಟ್ಟಿರಲಿಲ್ಲ. ಜಂಬಯ್ಯ ಬೆರಳದ್ದಿ ನೆಕ್ಕಿ ಹಣೆ ಚಚ್ಚಿಕೊಂಡ.

ಮಧ್ಯಾಹ್ನ ಎಲ್ಲರನ್ನೂ, ಜಡೆಪ್ಪನನ್ನೂ ಸೇರಿಸಿ, ಅದೇ ಕೋಣೆಯಲ್ಲಿ ಕೂರಿಸಿದ.

"ಇಷ್ಟು ಮಂದಿ ಇದ್ದೂ ನಾನೇ ಹೇಳಬೇಕಲ್ಲ. ಮಡಕಿಗೆ ಸುಣ್ಣ ಬಳಿದರೆ ಈಚಲ ರಸ ಹುಳಿ ಬರಂಗಿಲ್ಲ, ಸಿಹಿ ನೀರಾನ ಉಳೀತೈತಿ. ಕುಡಿದರೆ ಹೊಟ್ಟಿ ತಣ್ಣಗಾದೀತು, ನಿಶಾ ಏರಂಗಿಲ್ಲ. ಪಾಲಪ್ಪ ಕದ್ದು ಕುಡಿಯೋನಾಗಿದ್ರ ಇದನ್ನ ಯಾಕ ಬಚ್ಚಿಡ್ತಿದ್ದ? ಮೂಕಪ್ಪಗ ಸುಣ್ಣದ ಮಡಕಿ ಕಂಡರ ಸಿಟ್ಟು ಬರ್ತೈತಿ. ಜಡೆಪ್ಪನ ಕಸುಬೇ ಇದು, ಇಬ್ಬರೂ ಇದರಾಗ ಮೋಸ ಹೋಗಂಗಿಲ್ಲ. ಇದನ್ನ ಹೆಂಡ ಅಂತ ತಿಳಿಯೋನು ಎಂದೂ ಹೆಂಡ ಮುಟ್ಟದವನು. ಜಡೆಪ್ಪ, ಯಾರಿಗೆ ಕೊಟ್ಟೀ?"

ಜಡೆಪ್ಪ ತಲೆ ಕೆರೆದುಕೊಂಡ. "ಮೇಸ್ತ್ರಿಯೋರಿಗ್ರಿ. ಒಂದು ಮಡಕಿ ಕೊಡು ಅಂದ್ರು. ಅವರು ಕುಡಿಯೋರಲ್ಲ ನೋಡ್ರಿ, ಅದಕ್ಕ ಮರ್ಯಾದಿಲೆ ಸಿಹೀದೇ ಕೊಟ್ಟೆ."

ಗಾದಿಲಿಂಗಪ್ಪನ ಕಣ್ಣು ನೆಲ ನೋಡಿದವು. ಭಾವಮೈದನಿಗೆ ರಾಟೆ ಉಳಿಯಲೆಂದು ಹೀಗೆ ಮಾಡಿದೆನೆಂದು ಗೊಣಗಿದ. ಈಗಲೇ ಗಂಟು ಕಟ್ಟು ಎಂದು ಮ್ಯಾನೇಜರು ಎದ್ದ.

ಪಾಲಪ್ಪ ಅಡ್ಡ ಬಂದ. "ಇವರನ್ನ ಕೆಲಸದಿಂದ ತೆಗೀಬ್ಯಾಡ್ರಿ ಸಾಹೇಬ್ರ. ಚಟ ಅಂದ್ರ ಹೆಂಡದ್ದೊಂದೇ ಏನ್ರಿ? ನಾಳಿಂದ ನನ್ನ ಜಾಗ ಇಲ್ಲಿ ಖಾಲಿ ಆಗ್ತೈತಿ. ಅಲ್ಲಿ ಕುಂದ್ರಸ್ರಿ."

ಜಂಬಯ್ಯ ನಿಟ್ಟುಸಿರುಬಿಟ್ಟು ಔಷಧಿ ಪೆಟ್ಟಿಗೆ ಎತ್ತಿಕೊಂಡ. ಮರುದಿನ ಬೆಳಗ್ಗೆ ಗುಡ್ಡದ ಮೇಲೆ ಪಾಲಪ್ಪನ ರಾಟೆ ಕಿರುಗುಟ್ಟುವುದು ಶಾಂತಕ್ಕನಿಗೆ ಕೇಳಿಸಿತು. ಅವಳು ಮಜ್ಜಿಗೆಯ ಲೋಟವನ್ನು ಗಾದಿಲಿಂಗಪ್ಪನ ಮುಂದೆ ಇಟ್ಟು, ಎದುರಿಗೆ ಕೂತಳು.

"ಹೇಳ್ರಿ, ರಾತ್ರಿ ಹೆಂಗ ಕಳೀತು?"